ಜರಡಿ

ಮೊದಲೇ ಹೇಳಿಬಿಡುತ್ತೇನೆ, ಜಗಳ ಲೋಟದ್ದು.
ಕರ್ತನ ಭೋಜನಕ್ಕೆ ಎಲ್ಲರೂ ಒಂದೇ ಬಟ್ಟಲಿಗೆ ತುಟಿ ಇಡಬೇಕೋ,
ಹೆಬ್ಬೆರಳಿನಷ್ಟು ಗಾಜಿನ ಲೋಟ ಆಳಿಗೊಂದು ತರಬೇಕೋ.
ಇಷ್ಟೇ. ಇಷ್ಟಕ್ಕೇ
ನಮ್ಮ ಸಭೆಯ ಎಡಬದಿ ಬೆಂಚಿನವರು
ಬಲಬದಿಯವರ ಮನೆ ಮದುವೆಗೆ ಹೋಗದೆ
ಎರಡು ಕ್ರಿಸ್ಮಸ್ ಕಳೆದಿತ್ತು.
ಮೂಲೆಯ ದೋಸೆ ಹೋಟೆಲಿನಲ್ಲಿ
ನಮ್ಮ ಮಾತು ಚಟ್ನಿಯಾಗಿತ್ತು.

ಬಟ್ಟಲು ಬೆಳ್ಳಿಯದಲ್ಲ, ಹಿತ್ತಾಳೆಯದು.
ಹತ್ತಿ ಗಿರಣಿಯ ಸೈರನ್ ಕೂಗುತ್ತಿದ್ದ ಕಾಲಕ್ಕೆ
ರಾತ್ರಿ ಪಾಳಿಯವರು ಪಗಾರದಲ್ಲಿ ನಾಲ್ಕಾಣೆ ಹಿಡಿದು ಕೊಂಡದ್ದು.
ಅಂಚಿನಲ್ಲೊಂದು ನೆಗ್ಗು.
ಸುವಾರ್ತಪ್ಪನ ಅಪ್ಪ ಕೈತಪ್ಪಿ ಬೀಳಿಸಿದ್ದಂತೆ,
ಅದಕ್ಕೇ ಸುವಾರ್ತಪ್ಪನಿಗೆ ಆ ನೆಗ್ಗಿನ ಮೇಲೆ ಅಷ್ಟು ಜೀವ.
ನನ್ನ ಸೊಸೆ ಪ್ರಿಸಿಲ್ಲಾ ನರ್ಸು. ಎದ್ದು ನಿಂತು
ಕ್ಷಯ, ಕೆಮ್ಮು, ಎಂಜಲು ಅಂತ ಮೆಲ್ಲಗೆ ಹೇಳಿದ್ದಕ್ಕೆ
"ನಿನ್ನ ನಂಬಿಕೆಗೇ ಕೆಮ್ಮು ಹತ್ತೈತೆ ಬಿಡು" ಅಂದ,
ಎಲ್ಲರೆದುರು.
ಆಕೆ ಕೂತಳು.
ನಾನು ಎದ್ದೆ.

ನಾನು ರೂತಮ್ಮ. ಹನ್ನೊಂದು ವರ್ಷದಿಂದ ಸಭೆಯ ಲೆಕ್ಕ ನನ್ನದು.
ಕಂಕುಳಲ್ಲಿ ಕೆಂಪು ರಟ್ಟಿನ ಪುಸ್ತಕ.
ಹೆಂಚು ಹೊದಿಸಲು ಕೂಡಿಟ್ಟ ದುಡ್ಡಿನಲ್ಲಿ ಒಂಬತ್ತು ಸಾವಿರ
ಯಾರ ಕೈಗೆ ಹೋಯಿತು,
ಏಳು ತಿಂಗಳ ಮೇಲೆ, ರಾತ್ರಿ, ನಮ್ಮ ಹಿಂಬಾಗಿಲಿಗೆ
ಹತ್ತು ಇಪ್ಪತ್ತರ ನೋಟಾಗಿ ಹೇಗೆ ತಿರುಗಿ ಬಂತು,
ಅರವತ್ತೆರಡನೇ ಪುಟದಲ್ಲಿ ನನ್ನ ಅಕ್ಷರದಲ್ಲೇ ಇದೆ.
ಮಗಳ ಆಪರೇಶನ್ನಿಗೆ ಅಂತ ಆತ ಹೇಳಿದ್ದು,
ಹೇಳುವಾಗ ಕೈ ನಡುಗಿದ್ದು ಮಾತ್ರ ಬರೆದಿಲ್ಲ.

ಪುಟ ತೆರೆದರೆ ಸಾಕಿತ್ತು.
ಓದಬೇಕಿರಲಿಲ್ಲ, ಬೆರಳಿಟ್ಟರೆ ಸಾಕಿತ್ತು.
ಆತನೂ ನೋಡುತ್ತಿದ್ದ,
ನನ್ನ ಮುಖವನ್ನಲ್ಲ, ಹೆಬ್ಬೆರಳನ್ನು.

ನಮ್ಮದು ಮಂಡಕ್ಕಿ ಭಟ್ಟಿ.
ದಾವಣಗೆರೆಯವರಿಗೆ ಹೇಳಬೇಕಿಲ್ಲ, ಬೇರೆ ಊರಿನವರು ಕೇಳಿ:
ಅಕ್ಕಿ ಅರಳುವುದು ಬರೀ ಬೆಂಕಿಗಲ್ಲ, ಮರಳಿಗೆ.
ಹೊಟ್ಟಿನ ಉರಿಗೆ ಕಾದು ಕಪ್ಪಾದ ಮರಳು,
ಬೊಗಸೆ ಅಕ್ಕಿ ಬಿದ್ದರೆ ಪಟಪಟ, ಬಾಣಲೆ ತುಂಬ ಬೆಳ್ಳಗೆ.
ಆಮೇಲೆ ಜರಡಿ. ಮರಳು ಮರಳಿ ಬಾಣಲೆಗೆ.
ಎಷ್ಟೇ ದುಡಿದಿರಲಿ, ಅದು ತಿನ್ನುವ ವಸ್ತುವಲ್ಲ.
ಒಂದು ಹರಳು ಯಾರದೋ ಹಲ್ಲಿಗೆ ಸಿಕ್ಕರೆ
ಚೀಲಕ್ಕೆ ಚೀಲವೇ ಹಿಂದಕ್ಕೆ.
"ಜರಡಿ ಹಿಡಿಯೋಳ ಕೈ ಸೋಲಬಾರ್ದು ಕಣೇ ರೂತಿ"
ಅನ್ನುತ್ತಿದ್ದಳು ನಮ್ಮತ್ತೆ, ತನ್ನ ಕೈ ಸೋತ ಮೇಲೂ.

ನಿಂತೇ ಇದ್ದೆ. ಗೋಡೆಯ ಗಡಿಯಾರ ಒಂದೇ ನಡೆಯುತ್ತಿತ್ತು.
ನಾಲಿಗೆಯ ಮೇಲೆ ಕಾಯುತ್ತಿದ್ದದ್ದು ಸುಳ್ಳಲ್ಲ, ಸತ್ಯ.
ಅದೇ ಕಷ್ಟ. ಸುಳ್ಳಾಗಿದ್ದರೆ ಆಚೆ ಹೋಗಿ ಉಗುಳುತ್ತಿದ್ದೆ.
"ಏನಮ್ಮ, ಹೇಳ್ರಿ" ಅಂದರು ಅಯ್ಯನವರು.
ಈ ತಿಂಗಳ ಕಾಣಿಕೆ ಇಷ್ಟು,
ಕರೆಂಟು, ಸುಣ್ಣ, ಪೊರಕೆ ಕಳೆದು ಉಳಿದದ್ದು ಇಷ್ಟು ಅಂತ ಓದಿ
ಪುಸ್ತಕ ಮುಚ್ಚಿದೆ.
ಯಾರೋ ಆಕಳಿಸಿದರು.

ಅಂದು ಅನ್ನ ಸೇರಲಿಲ್ಲ.
"ಅತ್ತೆ, ನೀವಾದರೂ ಒಂದು ಮಾತು ಆಡಬಹುದಿತ್ತು"
ಅಂದಳು ಪ್ರಿಸಿಲ್ಲಾ, ತಟ್ಟೆ ಎತ್ತುತ್ತಾ.
ಅವಳಿಗೂ ಹೇಳಲಿಲ್ಲ.
ಕ್ಷಮಿಸಿದೆ ಅಂತ ಬರೆಯಲಾರೆ,
ಕೈಯಲ್ಲಿ ಇಲ್ಲದ್ದನ್ನು ಜಮಾ ತೋರಿಸಿ ನನಗೆ ಅಭ್ಯಾಸವಿಲ್ಲ.

ಲೋಟದ ಮಾತು ಇನ್ನೂ ಮುಗಿದಿಲ್ಲ, ಮುಂದಿನ ಮೀಟಿಂಗಿಗೆ ಹೋಗಿದೆ.
ಅಲ್ಲಿಯವರೆಗೆ, ಕುಡಿಯುವವರು ಕುಡಿಯಲಿ,
ಒಲ್ಲದವರು ರೊಟ್ಟಿ ಅದ್ದಿಕೊಳ್ಳಲಿ ಅಂದರು ಅಯ್ಯನವರು.
ಮೊದಲ ಭಾನುವಾರ ಬಟ್ಟಲು ಹಿಡಿದವನು ಸುವಾರ್ತಪ್ಪನೇ.
ಪ್ರಿಸಿಲ್ಲಾ ರೊಟ್ಟಿಯ ತುಣುಕು ಹಿಡಿದು ಎದುರು ನಿಂತಳು.
ಆತ ಅವಳನ್ನು ನೋಡಲಿಲ್ಲ,
ಆದರೆ ಅದ್ದಲು ಸುಲಭವಾಗಲೆಂದು
ಬಟ್ಟಲನ್ನು ಒಂದಿಷ್ಟು ವಾಲಿಸಿದ.
ಆ ಕೈ ನಡುಗುತ್ತಿತ್ತು, ನನಗೆ ಗುರುತಿರುವ ನಡುಕ.

ನಾನೂ ಅದ್ದುವವರ ಕಡೆಯವಳೇ.
ಸರದಿ ಬಂದಾಗ ಏನಾಯಿತೋ,
ಆ ನೆಗ್ಗಿಗೇ ತುಟಿ ಇಟ್ಟೆ. ತಣ್ಣಗಿತ್ತು.
ಬೆಂಚಿಗೆ ಬಂದು ಕೂತಾಗ ಹಲ್ಲಿನ ಸಂದಿಯಲ್ಲಿ
ಏನೋ ಕರಕ್ ಅಂತು.
ಇರಲಿ. ನಾಳೆ ಸೋಮವಾರ,
ಬೆಳಗಿನ ಜಾವಕ್ಕೇ ಭಟ್ಟಿ ಹಚ್ಚಬೇಕು.